ಹಳೆಯ ಅರಿವೆಯಿಂದ ಹಿಡಿಬಟ್ಟೆ ಮತ್ತು ಅಡಿಹಾಸು ನೇಯುವ ಬಗೆ

ಬಾಗಲಕೋಟೆ ಜಿಲ್ಲೆಯ ಹಳೆಯ ಮನೆಗಳಲ್ಲಿ ಸವೆದ ಬಟ್ಟೆಗೆ ಒಂದು ನಿಶ್ಚಿತವಾದ ಹಾದಿ ಇರುತ್ತಿತ್ತು. ಸೀರೆ ಮತ್ತು ಧೋತರಗಳು ಮೊದಲು ಕೌದಿಯ ಪದರಾಗುತ್ತಿದ್ದವು. ಕೌದಿಗೆ ಬಾರದ ತುಂಡುಗಳು ಮಸಿ ಅರಿವೆಯಾಗಿ ಒಲೆಯ ಪಕ್ಕಕ್ಕೆ ಹೋಗುತ್ತಿದ್ದವು. ಅಲ್ಲಿಯೂ ಉಳಿಯದಷ್ಟು ಜೀರ್ಣವಾದವು ಸಿಂಬಿಯಾಗಿ ಗಡಿಗೆಯ ಕೆಳಗೆ ಕೂರುತ್ತಿದ್ದವು. ಕೌದಿಗೆ ಈಗ ಸಾಕಷ್ಟು ಮಾನ ಬಂದಿದೆ, ಆದರೆ ದಿನಕ್ಕೆ ಹತ್ತು ಸಲ ಕೈಗೆ ಬರುವ ಮಸಿ ಅರಿವೆ ಮಾತ್ರ ಇಂದಿಗೂ ಹರಕು ತುಂಡಾಗಿಯೇ ಉಳಿದಿದೆ. ಅದೇ ತುಂಡನ್ನು ಪಟ್ಟಿಯಾಗಿ ಹರಿದು ನೇಯ್ದರೆ ಬಿಸಿ ಪಾತ್ರೆ ಇಳಿಸಲು ದಪ್ಪನೆಯ ಹಿಡಿಬಟ್ಟೆಯೂ, ಪಾತ್ರೆಯ ಕೆಳಗೆ ಹಾಸಲು ದುಂಡನೆಯ ಅಡಿಹಾಸೂ ಸಿದ್ಧವಾಗುತ್ತವೆ. ಇದಕ್ಕೆ ಮಗ್ಗ ಬೇಕಿಲ್ಲ. ಹಳೆಯ ಫೋಟೊದ ಕಟ್ಟಿಗೆಯ ಚೌಕಟ್ಟು, ಒಂದು ಹಿಡಿ ಮೊಳೆ, ಒಂದು ದಬ್ಬಣ ಮತ್ತು ಗಟ್ಟಿ ರಟ್ಟಿನ ತುಂಡು ಇದ್ದರೆ ಸಾಕು.

ಯಾವ ಬಟ್ಟೆ, ಯಾವುದು ಬೇಡ

ನೇಯ್ಗೆ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತದೆ. ಕಷ್ಟವಿರುವುದು ಬಟ್ಟೆಯ ಆಯ್ಕೆಯಲ್ಲಿ, ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬಿಸಿಯನ್ನು ಮುಟ್ಟುವ ವಸ್ತುವಿಗೆ ಅಪ್ಪಟ ಹತ್ತಿಯ ಬಟ್ಟೆಯೇ ಬೇಕು. ಹತ್ತಿ ಅತಿಯಾಗಿ ಕಾದರೆ ಕಂದುತ್ತದೆ, ಕರಕಲಾಗುತ್ತದೆ, ಆದರೆ ಕರಗುವುದಿಲ್ಲ. ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನೈಲಾನಿನ ಒಂದು ಬಗೆ ಸುಮಾರು 220 ಡಿಗ್ರಿಯಲ್ಲಿಯೇ ಕರಗುತ್ತದೆ. ರೊಟ್ಟಿ ತೆಗೆದ ಮೇಲೆ ಉರಿಯ ಮೇಲೆ ಬರಿದೇ ಉಳಿದ ಕಬ್ಬಿಣದ ಹಂಚು ಈ ಮಟ್ಟವನ್ನು ತಲುಪುವುದು ಕಷ್ಟವೇನಲ್ಲ. ಕರಗಿದ ಎಳೆ ಚರ್ಮಕ್ಕೆ ಅಂಟಿದರೆ ಬರಿಯ ಬಿಸಿ ತಾಗಿದ್ದಕ್ಕಿಂತ ಗಾಯ ಆಳವಾಗುತ್ತದೆ. ನಾನು ಮೊದಲ ಸಲ ನೇಯ್ದ ಹಿಡಿಬಟ್ಟೆಯಲ್ಲಿ ಅಂದಕ್ಕೆಂದು ಒಂದೆರಡು ಸಾಲು ಜರಿಯ ದಡಿಯನ್ನು ಸೇರಿಸಿದ್ದೆ. ಮೂರನೆಯ ದಿನವೇ ಆ ಜರಿ ಹಂಚಿನ ಅಂಚಿಗೆ ಕಪ್ಪು ಅಂಟಾಗಿ ಹತ್ತಿಕೊಂಡಿತು, ಹಂಚನ್ನು ತಿಕ್ಕುವುದರಲ್ಲಿ ಅರ್ಧ ದಿನ ಕಳೆಯಿತು. ಇಂದಿನ ಅಗ್ಗದ ಜರಿಯ ಬಹುಪಾಲು ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಲೇಪ ಕೊಟ್ಟು ಮಾಡಿದ್ದು ಎಂಬುದನ್ನು ಆಗ ಕಲಿತೆ.

ಕೈಯಿಂದ ಮುಟ್ಟಿ ನೋಡಿ ನಿರ್ಧರಿಸುವುದು ಮೋಸದ ಕೆಲಸ. ಬಟ್ಟೆಯ ಅಂಚಿನಿಂದ ಎರಡು ಬೆರಳುದ್ದದ ಎಳೆಗಳನ್ನು ತೆಗೆದು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಡಬೇಕು. ಪಕ್ಕದಲ್ಲಿ ಒಂದು ತಂಬಿಗೆ ನೀರಿರಲಿ. ಹತ್ತಿ ಕಾಗದದಂತೆ ಉರಿದು, ಕಾಗದ ಸುಟ್ಟ ವಾಸನೆ ಬೀರಿ, ಬೆರಳಿಗೆ ಪುಡಿಯಾಗುವ ಮೆದು ಬೂದಿಯನ್ನು ಬಿಡುತ್ತದೆ. ಪಾಲಿಯೆಸ್ಟರ್ ಮುದುಡಿಕೊಂಡು ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆಯಿಂದಲೇ ಗುರುತು ಹೇಳುತ್ತವೆ. ಬೂದಿಯೂ ಬಂತು, ನಡುವೆ ಸಣ್ಣ ಮಣಿಯೂ ಸಿಕ್ಕಿತು ಎಂದರೆ ಅದು ಟೆರಿಕಾಟ್, ಅಂದರೆ ಹತ್ತಿ ಮತ್ತು ಪಾಲಿಯೆಸ್ಟರಿನ ಮಿಶ್ರಣ. ಶಾಲೆಯ ಸಮವಸ್ತ್ರ ಮತ್ತು ಕಚೇರಿಯ ಅಂಗಿಗಳಲ್ಲಿ ಬಹಳಷ್ಟು ಇದೇ ಗುಂಪಿಗೆ ಸೇರಿದವು, ಅವನ್ನು ಪಕ್ಕಕ್ಕಿಡಿ. ಕೃತಕ ರೇಷ್ಮೆಯೆಂದು ಕರೆಯುವ ವಿಸ್ಕೋಸ್ ಮಾತ್ರ ಈ ಪರೀಕ್ಷೆಯಲ್ಲಿ ಹತ್ತಿಯ ವೇಷದಲ್ಲಿಯೇ ಪಾರಾಗುತ್ತದೆ, ಏಕೆಂದರೆ ಅದೂ ಕಾಗದದಂತೆಯೇ ಉರಿಯುತ್ತದೆ. ಅದನ್ನು ಹಿಡಿಯಲು ಎಳೆಯನ್ನು ನೀರಿನಲ್ಲಿ ನೆನೆಸಿ ಜಗ್ಗಬೇಕು: ಹತ್ತಿಯ ಎಳೆ ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ವಿಸ್ಕೋಸ್ ಎಳೆ ಸುಲಭವಾಗಿ ತುಂಡಾಗುತ್ತದೆ.

ನಮ್ಮ ಭಾಗದ ಇಳಕಲ್ಲ ಸೀರೆಯ ಬಗ್ಗೆ ಇಲ್ಲಿ ಒಂದು ಮಾತು ಅಗತ್ಯ. ಈ ಸೀರೆಯ ಒಡಲಿನ ಹಾಸೂ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳೂ, ಸೆರಗಿನ ಹಾಸೂ ಬೇರೆ ಬೇರೆ. ನೇಕಾರರು ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರಬಹುದು, ದಡಿಯೂ ಹಾಗೆಯೇ. ಹೀಗಾಗಿ ಒಂದೇ ಸೀರೆಯ ಮೂರು ಕಡೆಯಿಂದ ಎಳೆ ತೆಗೆದು ಮೂರು ಸಲ ಸುಟ್ಟು ನೋಡಬೇಕು. ಸಾಮಾನ್ಯವಾಗಿ ಸೆರಗನ್ನೂ ದಡಿಯನ್ನೂ ಕತ್ತರಿಯಿಂದ ಬೇರ್ಪಡಿಸಿ, ಒಡಲನ್ನು ಮಾತ್ರ ಬಳಸುವುದು ಲೇಸು. ಕಸೂತಿ ಇರುವ ಸೀರೆ, ಇನ್ನೂ ಹತ್ತು ಸಲ ಉಡಬಹುದಾದ ಸೀರೆ, ಗುಳೇದಗುಡ್ಡದ ಒಳ್ಳೆಯ ಖಣ ಇವುಗಳನ್ನು ಹರಿಯಲು ಕೈ ಹೇಗೆ ಬರುತ್ತದೆಯೋ ನನಗೆ ತಿಳಿಯದು. ಈ ಬರಹ ಸವೆದು ಹೋದ ಬಟ್ಟೆಗಳಿಗೆ ಸಂಬಂಧಿಸಿದ್ದು.

ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ ಎಂದರೆ ಹಿರಿಯರ ಬಿಳಿಯ ಧೋತರ, ತಲೆಗೆ ಸುತ್ತುವ ಪಟಕ, ಹತ್ತಿಯ ಹಾಸಿಗೆ ಚಾದರ ಮತ್ತು ಗಂಡಸರ ಬನಿಯನ್. ಜೀನ್ಸ್ ದಪ್ಪವಾಗಿರುವುದರಿಂದ ಆಸೆ ಹುಟ್ಟಿಸುತ್ತದೆ, ಆದರೆ ಜಗ್ಗಿದರೆ ರಬ್ಬರಿನಂತೆ ಹಿಗ್ಗುವ ಜೀನ್ಸಿನಲ್ಲಿ ಕೃತಕ ಎಳೆ ಸೇರಿರುತ್ತದೆ, ಅದು ನೀರಿನ ಲೋಟದ ಕೆಳಗೆ ಹಾಸಲು ಸಾಕು, ಕುಕ್ಕರ್ ಇಳಿಸಲು ಬೇಡ. ಮಿನುಗುವ ಕ್ರಿಕೆಟ್ ಜೆರ್ಸಿಗಳು ಬಹುತೇಕ ಪಾಲಿಯೆಸ್ಟರ್. ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆ ಬಿಳಿಯ ಚಿಂದಿಯನ್ನಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಅಡುಗೆಮನೆಗೆ ಬಾರದು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಮನೆಮನೆಯಲ್ಲಿದೆ, ಆದರೆ ಒಮ್ಮೆ ಬಣ್ಣ ಹಾಕಿ ಮಾರಾಟವಾದ ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ.

ಪಟ್ಟಿ ಹರಿಯುವುದು, ಬನಿಯನ್ ದಾರ ಮಾಡುವುದು

ಆಯ್ದ ಬಟ್ಟೆಯನ್ನು ಒಗೆದು ಒಣಗಿಸಿ, ಗುಂಡಿ, ಹೊಲಿಗೆ, ಅಂಚುಪಟ್ಟಿಗಳನ್ನು ತೆಗೆದುಹಾಕಬೇಕು. ಸೀರೆ, ಧೋತರ, ಚಾದರಗಳನ್ನು ಕತ್ತರಿಸುವುದಕ್ಕಿಂತ ಹರಿಯುವುದೇ ಉತ್ತಮ. ಅಂಚಿನಲ್ಲಿ ಬೆರಳುದ್ದ ಕತ್ತರಿ ಹಾಕಿ ಎರಡೂ ಕೈಯಿಂದ ಜಗ್ಗಿದರೆ ಬಟ್ಟೆ ತನ್ನ ಎಳೆಯ ಜಾಡಿನಲ್ಲಿಯೇ ನೇರವಾಗಿ ಸೀಳುತ್ತದೆ. ತೆಳುವಾದ ಸೀರೆಯಾದರೆ ಎರಡು ಇಂಚು, ಧೋತರವಾದರೆ ಒಂದೂವರೆ ಇಂಚು, ಚಾದರವಾದರೆ ಒಂದು ಇಂಚು ಅಗಲ ಸಾಕು. ಮೂರನ್ನೂ ಹೊಸೆದಾಗ ಹೆಚ್ಚುಕಡಿಮೆ ಒಂದೇ ದಪ್ಪ ಬರಬೇಕೆಂಬುದು ಇಲ್ಲಿಯ ಲೆಕ್ಕ. ದಡಿ ಮತ್ತು ಸೆರಗು ತೆಗೆದ ಮೇಲೆ 36 ಇಂಚು ಅಗಲ, ನಾಲ್ಕೂವರೆ ಮೀಟರ್ ಉದ್ದ ಉಳಿಯುವ ಒಡಲಿನಿಂದ ಎರಡು ಇಂಚಿನ 18 ಪಟ್ಟಿಗಳು, ಅಂದರೆ 81 ಮೀಟರ್ ದೊರೆಯುತ್ತವೆ. ಹರಿದ ಪಟ್ಟಿಯನ್ನು ಒಮ್ಮೆ ಜೋರಾಗಿ ಜಗ್ಗಿ ನೋಡಿ. ತುಂಡಾದರೆ ಆ ಬಟ್ಟೆಯ ಕಾಲ ಮುಗಿದಿದೆ, ಅದು ಪದರಗಳ ನಡುವೆ ತುಂಬಲು ಮಾತ್ರ ಬಂದೀತು. ಹರಿಯುವಾಗ ಏಳುವ ನೂಲಿನ ಧೂಳು ಕಡಿಮೆಯೇನಲ್ಲ, ಈ ಕೆಲಸವನ್ನು ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ ಮಾಡುವುದು ಒಳ್ಳೆಯದು.

ಬನಿಯನ್ ಹೆಣೆದ ಬಟ್ಟೆಯಾದುದರಿಂದ ಅದನ್ನು ಹರಿಯಲಾಗದು. ಅದರ ಒಡಲು ಬಹುಮಟ್ಟಿಗೆ ಪಕ್ಕದ ಹೊಲಿಗೆಯಿಲ್ಲದ ಕೊಳವೆಯಂತಿರುವುದೇ ನಮಗೆ ಅನುಕೂಲ. ಕಂಕುಳಿನ ಕೆಳಗೆ ಅಡ್ಡವಾಗಿ ಕತ್ತರಿಸಿ ಮೇಲ್ಭಾಗವನ್ನೂ ಕೆಳಗಿನ ಮಡಿಕೆಯನ್ನೂ ತೆಗೆಯಿರಿ. ಉಳಿದ ಕೊಳವೆಯನ್ನು ಹರಡಿ, ಎಡ ಅಂಚಿನಿಂದ ಬಲಕ್ಕೆ ಒಂದೊಂದು ಇಂಚಿನ ಅಂತರದಲ್ಲಿ ಕತ್ತರಿಸುತ್ತ ಹೋಗಿ, ಬಲ ಅಂಚಿಗೆ ಎರಡು ಇಂಚು ಇರುವಾಗ ನಿಲ್ಲಿಸಿ. ಈಗ ಕತ್ತರಿಸದೆ ಉಳಿದ ಆ ಭಾಗವನ್ನು ಬಿಡಿಸಿ ಹರಡಿ, ಮೊದಲ ಸೀಳನ್ನು ಎದುರಿನ ಎರಡನೆಯ ಸೀಳಿಗೆ, ಎರಡನೆಯದನ್ನು ಮೂರನೆಯದಕ್ಕೆ ಓರೆಯಾಗಿ ಸೇರುವಂತೆ ಕತ್ತರಿಸಿದರೆ, ಇಡೀ ಬನಿಯನ್ ಒಂದೇ ಉದ್ದನೆಯ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. 90 ಸೆಂಟಿಮೀಟರ್ ಸುತ್ತಳತೆಯ, 40 ಸೆಂಟಿಮೀಟರ್ ಉದ್ದದ ಒಡಲಿನಿಂದ ಸುಮಾರು 14 ಮೀಟರ್ ಸಿಗುತ್ತದೆ. ಪಟ್ಟಿಯನ್ನು ಮೊಳ ಮೊಳವಾಗಿ ಜಗ್ಗುತ್ತ ಹೋದರೆ ಅದರ ಅಂಚುಗಳು ಒಳಗೆ ಸುರುಳಿಗೊಂಡು ದುಂಡನೆಯ ದಾರವಾಗುತ್ತದೆ. ನೂಲು ಹೊರಗೆ ಬಿಡದ ಇಂಥ ಅಚ್ಚುಕಟ್ಟಾದ ದಾರ ಅಂಗಡಿಯಲ್ಲಿಯೂ ಸುಲಭವಾಗಿ ಸಿಗದು.

ಪಟ್ಟಿಗಳನ್ನು ಗಂಟಿನಿಂದ ಜೋಡಿಸಬೇಡಿ, ಗಂಟು ಪಾತ್ರೆಯ ಕೆಳಗೆ ಉಬ್ಬಿ ನಿಲ್ಲುತ್ತದೆ. ಎರಡು ಪಟ್ಟಿಗಳ ತುದಿಯಲ್ಲೂ ಅರ್ಧ ಇಂಚಿನ ಸೀಳು ಮಾಡಿ, ಒಂದರ ಮೇಲೊಂದು ಸೀಳುಗಳು ಕೂಡುವಂತೆ ಇಟ್ಟು, ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಎರಡೂ ಸೀಳುಗಳ ಮೂಲಕ ಕೆಳಗಿನಿಂದ ಮೇಲಕ್ಕೆ ತಂದು ಮೆಲ್ಲಗೆ ಎಳೆದರೆ ಚಪ್ಪಟೆಯಾದ ಕೂಡಿಕೆ ಬೀಳುತ್ತದೆ.

ಚೌಕಟ್ಟಿನ ಮೇಲೆ ಹಿಡಿಬಟ್ಟೆ

ಒಳಗಿನ ಅಳತೆ ಕನಿಷ್ಠ ಹತ್ತು ಇಂಚು ಇರುವ ಗಟ್ಟಿ ಚೌಕಟ್ಟನ್ನು ತೆಗೆದುಕೊಂಡು, ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ ಅರ್ಧ ಇಂಚಿಗೊಂದರಂತೆ ತಲಾ 17 ಸಣ್ಣ ಮೊಳೆಗಳನ್ನು ಹೊಡೆಯಿರಿ. ಮೊಳೆಗಳು ಸ್ವಲ್ಪ ಹೊರಕ್ಕೆ ವಾಲಿದ್ದರೆ ದಾರ ಜಾರುವುದಿಲ್ಲ. ಬನಿಯನ್ ದಾರದ ತುದಿಯನ್ನು ಮೇಲಿನ ಮೊದಲ ಮೊಳೆಗೆ ಕಟ್ಟಿ, ಕೆಳಗಿನ ಮೊದಲ ಮೊಳೆಯನ್ನು ಬಳಸಿ, ಮೇಲಿನ ಎರಡನೆಯದಕ್ಕೆ, ಮತ್ತೆ ಕೆಳಗಿನ ಎರಡನೆಯದಕ್ಕೆ ಎಂದು ಕೊನೆಯವರೆಗೂ ಹೋಗಬೇಕು. ಇದು ಹಾಸು, ಇದಕ್ಕೆ ಎಂಟೂವರೆ ಮೀಟರಿನಷ್ಟು ದಾರ ಹಿಡಿಯುತ್ತದೆ. ದಾರ ಸಡಿಲಾಗಿ ಜೋತು ಬೀಳದಷ್ಟು ಬಿಗಿಯಿದ್ದರೆ ಸಾಕು. ತಂಬೂರಿಯ ತಂತಿಯಂತೆ ಬಿಗಿದರೆ ನೇಯುವಾಗ ಹಾಯೆನಿಸುತ್ತದೆ, ಆದರೆ ಮೊಳೆಯಿಂದ ಬಿಡಿಸಿದ ಕೂಡಲೇ ಬನಿಯನ್ ದಾರ ಕುಗ್ಗಿ ಹತ್ತು ಇಂಚಿನ ಬಟ್ಟೆ ಏಳು ಇಂಚಾಗಿ ಮುದುಡಿ ಕೂರುತ್ತದೆ.

ಹೊಕ್ಕಿಗೆ, ಅಂದರೆ ಅಡ್ಡಲಾಗಿ ಹಾಯುವ ಎಳೆಗೆ, ಸೀರೆ ಅಥವಾ ಧೋತರದ ಪಟ್ಟಿಯನ್ನು ದಬ್ಬಣಕ್ಕೆ ಪೋಣಿಸಿ, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಎಂಬಂತೆ ದಾಟಿಸುತ್ತ ಹೋಗಿ; ಮರಳುವಾಗ ಮೊದಲು ಮೇಲೆ ಹೋದಲ್ಲಿ ಈಗ ಕೆಳಗೆ. ಪಟ್ಟಿಯನ್ನು ಎಳೆಯುವಾಗ ಸ್ವಲ್ಪ ಹೊಸೆಯುತ್ತ ಹೋದರೆ ಹರಿದ ಅಂಚಿನ ನೂಲು ಒಳಗೆ ಅಡಗುತ್ತದೆ. ಒಂದೊಂದು ಸಾಲು ಮುಗಿದಾಗಲೂ ಅದನ್ನು ಕೆಳಕ್ಕೆ ಬಡಿದು ಕೂರಿಸಬೇಕು. ಮಗ್ಗದಲ್ಲಿ ಹಣಿಗೆ ಮಾಡುವ ಈ ಕೆಲಸವನ್ನು ಇಲ್ಲಿ ತಲೆ ಬಾಚುವ ಅಗಲ ಹಲ್ಲಿನ ಹಣಿಗೆಯೇ ಚೆನ್ನಾಗಿ ಮಾಡುತ್ತದೆ, ಇಳಕಲ್ಲ ಸೀರೆಯ ಸೆರಗಿನಲ್ಲಿಯೂ ಹಣಿಗೆ ಎಂಬ ಹೆಸರಿನ ಒಂದು ವಿನ್ಯಾಸ ಇರುವುದು ಇಲ್ಲಿ ನೆನಪಾಗುತ್ತದೆ.

ಹೊಸಬರ ಕೈಯಲ್ಲಿ ಈ ಬಟ್ಟೆ ಬಹುತೇಕ ಬುಡಬುಡಿಕೆಯ ಆಕಾರಕ್ಕೆ ಬರುತ್ತದೆ: ಎರಡು ತುದಿ ಅಗಲ, ನಡು ಸಪೂರ. ಹೊಕ್ಕಿನ ಪಟ್ಟಿಯನ್ನು ನೇರವಾಗಿ ಎಳೆದು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಪಟ್ಟಿ ಹಾಸಿನ ಮೇಲೆ ಕೆಳಗೆ ಅಂಕುಡೊಂಕಾಗಿ ಹಾಯಬೇಕಾದುದರಿಂದ ಅದಕ್ಕೆ ಬಟ್ಟೆಯ ಅಗಲಕ್ಕಿಂತ ಹೆಚ್ಚು ಉದ್ದ ಬೇಕು. ಆದುದರಿಂದ ಪ್ರತಿ ಸಾಲನ್ನೂ ನಡುವೆ ಗುಡ್ಡದಂತೆ ಎತ್ತಿ ಸಡಿಲಾಗಿ ಬಿಟ್ಟು, ಆಮೇಲೆ ಹಣಿಗೆಯಿಂದ ಬಡಿದರೆ ಹೆಚ್ಚಿನ ಉದ್ದ ತಾನಾಗಿ ಒಳಗೆ ಹಂಚಿಕೆಯಾಗುತ್ತದೆ. ನಾಲ್ಕು ಸಾಲಿಗೊಮ್ಮೆ ಅಗಲವನ್ನು ಅಳೆಯುವ ಅಭ್ಯಾಸವಿರಲಿ. ಅರ್ಧ ಇಂಚು ಕಡಿಮೆಯಾಗಿದ್ದರೆ ಮುಂದಿನ ಸಾಲಿನಲ್ಲಿ ಸರಿಪಡಿಸುವೆನೆಂದು ಮುಂದುವರಿಯದೆ ಅಲ್ಲಿಯೇ ಬಿಚ್ಚಿ ಮತ್ತೆ ನೇಯ್ದರೆ ಶ್ರಮ ಉಳಿಯುತ್ತದೆ. ಇಂಚಿಗೆ ಮೂರರಿಂದ ನಾಲ್ಕು ಸಾಲು ಕೂತರೆ ನೇಯ್ಗೆ ಸರಿಯಾಗಿದೆ ಎಂದರ್ಥ, ಒಂದು ಬಟ್ಟೆಗೆ ಎಂಟರಿಂದ ಒಂಬತ್ತು ಮೀಟರ್ ಪಟ್ಟಿ ಬೇಕಾಗುತ್ತದೆ.

ಮೊಳೆಗಳವರೆಗೂ ಒತ್ತಾಗಿ ತುಂಬಿದ ಮೇಲೆ ಬಿಡಿಸುವ ಕೆಲಸ. ಮೊದಲ ಮೊಳೆಯ ಕುಣಿಕೆಯನ್ನು ತೆಗೆದು ಬೆರಳಲ್ಲಿ ಹಿಡಿದು, ಎರಡನೆಯ ಕುಣಿಕೆಯನ್ನು ಅದರೊಳಗಿಂದ ಎಳೆಯಿರಿ, ಮೂರನೆಯದನ್ನು ಎರಡನೆಯದರೊಳಗಿಂದ. ಹೀಗೆ ಸರಪಳಿಯಾಗಿ ಕೊನೆಗೆ ಉಳಿಯುವ ಕುಣಿಕೆಯ ಬುಡವನ್ನು ನಾಲ್ಕು ಹೊಲಿಗೆಯಿಂದ ಭದ್ರಪಡಿಸಿದರೆ ಗೋಡೆಯ ಮೊಳೆಗೆ ತೂಗುಹಾಕಲು ಅದೇ ಹಿಡಿಕೆ. ಕೆಳಗಿನ ಅಂಚನ್ನೂ ಹೀಗೆಯೇ ಮುಗಿಸಿ, ಕೊನೆಯ ಕುಣಿಕೆಯನ್ನು ಒಳಗೆ ಸೇರಿಸಿ ಹೊಲಿಯಿರಿ.

ಒಂದೇ ಪದರದ ಬಟ್ಟೆ ಚಹಾದ ಪಾತ್ರೆಗೆ ಸಾಕಾಗಬಹುದು, ಕಬ್ಬಿಣದ ಹಂಚಿಗೆ ಸಾಲದು. ಇಂಥ ಎರಡು ಬಟ್ಟೆಗಳನ್ನು ನೇಯ್ದು, ನಡುವೆ ಹಳೆಯ ಧೋತರದ ಎರಡು ಮಡಿಕೆ ಇಟ್ಟು, ಕೌದಿಗೆ ಹಾಕುವಂತೆ ಸುತ್ತಲಿನಿಂದ ಒಳಕ್ಕೆ ಸಾಲು ಸಾಲಾಗಿ ಟಾಕು ಹಾಕಿ. ಹೊಲಿಯುವ ದಾರವೂ ಹತ್ತಿಯದೇ ಆಗಿರಬೇಕು. ಬಿಸಿಯನ್ನು ತಡೆಯುವುದರಲ್ಲಿ ಎಳೆಯಷ್ಟೇ ದೊಡ್ಡ ಪಾಲು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯದು, ಹಾಗಾಗಿ ಟಾಕನ್ನು ಒತ್ತಾಗಿ ಹಾಕಿ ಬಟ್ಟೆಯನ್ನು ಹಲಗೆಯಂತೆ ಗಟ್ಟಿ ಮಾಡಬಾರದು. ಸಿದ್ಧವಾದ ಹಿಡಿಬಟ್ಟೆಯಿಂದ ಕುದಿಯುವ ನೀರಿನ ಪಾತ್ರೆಯನ್ನು ಒಲೆಯಿಂದ ಎತ್ತದೆಯೇ ಹಿಡಿದು ನಿಧಾನವಾಗಿ ಹತ್ತರವರೆಗೆ ಎಣಿಸಿ ನೋಡಿ. ಅಷ್ಟರಲ್ಲಿ ಬಿಸಿ ಬೆರಳಿಗೆ ಬಂದರೆ ಇನ್ನೊಂದು ಮಡಿಕೆ ಬೇಕು. ಮೇಲೆ ಹೇಳಿದ ಸೀರೆಯ 81 ಮೀಟರಿನಲ್ಲಿ ಇಂಥ ಜೋಡಿಪದರದ ನಾಲ್ಕು ಹಿಡಿಬಟ್ಟೆಗಳ ಹೊಕ್ಕು ಆಗುತ್ತದೆ. ಹಾಸಿನ ದಾರಕ್ಕೆ ಮಾತ್ರ ಪ್ರತಿ ಪದರಕ್ಕೂ ಒಂದು ಬನಿಯನ್ ಎಂದು ಎಣಿಸಿಕೊಳ್ಳಿ.

ರಟ್ಟಿನ ಮೇಲೆ ದುಂಡನೆಯ ಅಡಿಹಾಸು

ಇದು ಚೌಕದ ಬಟ್ಟೆಗಿಂತ ಬೇಗ ಮುಗಿಯುತ್ತದೆ. ಗಟ್ಟಿ ರಟ್ಟಿನಲ್ಲಿ ಎಂಟು ಇಂಚು ಅಡ್ಡಳತೆಯ ಚಕ್ರವನ್ನು ಕತ್ತರಿಸಿ, ಅಂಚಿನಲ್ಲಿ ಮೂರು ಸೆಂಟಿಮೀಟರಿಗೊಂದರಂತೆ ಕಚ್ಚು ಹಾಕಿದರೆ 21 ಕಚ್ಚುಗಳಾಗುತ್ತವೆ. ಬೆಸ ಸಂಖ್ಯೆ ಇರಲೇಬೇಕು. ಸಮ ಸಂಖ್ಯೆಯಾದರೆ ಎರಡನೆಯ ಸುತ್ತೂ ಮೊದಲಿನ ಜಾಡಿನಲ್ಲಿಯೇ ಸಾಗಿ ನೇಯ್ಗೆಯೇ ಬೀಳುವುದಿಲ್ಲ. ಗಟ್ಟಿಯಾದ ಹತ್ತಿಯ ಹುರಿಯನ್ನು ಮೊದಲ ಕಚ್ಚಿನಿಂದ ಎದುರಿನ ಹನ್ನೊಂದನೆಯದಕ್ಕೆ ಒಯ್ದು, ರಟ್ಟಿನ ಹಿಂದಿನಿಂದ ಹನ್ನೆರಡನೆಯದಕ್ಕೆ ದಾಟಿಸಿ, ಅಲ್ಲಿಂದ ಮುಂಬದಿಯಲ್ಲಿ ಎರಡನೆಯದಕ್ಕೆ, ಹಿಂದಿನಿಂದ ಮೂರನೆಯದಕ್ಕೆ ಎಂಬಂತೆ ಸಾಗಿದರೆ ಇಪ್ಪತ್ತು ಕಚ್ಚುಗಳು ತುಂಬುತ್ತವೆ. ಉಳಿದ ಒಂದಕ್ಕೆ ಬೇರೆ ಹುರಿಯನ್ನು ಕಟ್ಟಿ ನಡುವಿಗೆ ತಂದು, ಎಲ್ಲ ಎಳೆಗಳು ಕೂಡುವ ಜಾಗದಲ್ಲಿ ಅವೆಲ್ಲವನ್ನೂ ಸೇರಿಸಿ ಬಿಗಿಯಾದ ಗಂಟು ಹಾಕಿ.

ಆ ಗಂಟಿನಿಂದಲೇ ಪಟ್ಟಿಯನ್ನು ಒಂದರ ಮೇಲೆ ಒಂದರ ಕೆಳಗೆ ಸುತ್ತುತ್ತ ಹೊರಕ್ಕೆ ಬರಬೇಕು. ಮೊದಲ ಎರಡು ಮೂರು ಸುತ್ತಿಗೆ ಅರ್ಧ ಇಂಚಿನ ಸಪೂರ ಪಟ್ಟಿ, ಆಮೇಲೆ ಪೂರ್ಣ ಅಗಲದ್ದು; ಆರರಿಂದ ಏಳು ಮೀಟರ್ ಹಿಡಿಯುತ್ತದೆ. ಅಂಚು ತಲುಪಿದ ಮೇಲೆ ರಟ್ಟಿನ ಹಲ್ಲುಗಳನ್ನು ಬಾಗಿಸಿ ಹುರಿಯ ಕುಣಿಕೆಗಳನ್ನು ಬಿಡಿಸಿ, ಪಟ್ಟಿಯ ಕೊನೆಯನ್ನು ದಬ್ಬಣದಿಂದ ಆ ಕುಣಿಕೆಗಳೊಳಗೆ ಒಂದು ಸುತ್ತು ಹಾಯಿಸಿ ಹೊಲಿದುಬಿಡಿ. ಪಟ್ಟಿಯನ್ನು ಬಿಗಿಯಾಗಿ ಎಳೆದಿದ್ದರೆ ಅಡಿಹಾಸು ಸಮತಟ್ಟಾಗಿ ಕೂರದೆ ಬೋಗುಣಿಯಂತೆ ಮೇಲಕ್ಕೆ ಬಾಗುತ್ತದೆ. ಪಾತ್ರೆಗೆ ಇದು ದೋಷ, ಬುಟ್ಟಿ ಬೇಕೆನ್ನುವವರಿಗೆ ಇದೇ ಉಪಾಯ: ದೊಡ್ಡ ರಟ್ಟಿನ ಮೇಲೆ ಕೊನೆಯ ಏಳೆಂಟು ಸುತ್ತುಗಳನ್ನು ಬೇಕೆಂದೇ ಬಿಗಿದರೆ ಅಂಚು ಏಳುತ್ತದೆ. ಮೆತ್ತನೆಯ ಬಿಸಿ ರೊಟ್ಟಿಯ ಹಬೆಯನ್ನು ಹೀರಲು ಬಿಳಿಯ ಧೋತರದ ಇಂಥ ಬುಟ್ಟಿ ಒಳ್ಳೆಯದು. ಕಟಕ ರೊಟ್ಟಿಯನ್ನು ಮಾತ್ರ ಇದರಲ್ಲಿ ಇಡಬೇಡಿ, ಬಟ್ಟೆಯಲ್ಲಿ ತೇವ ಉಳಿದು ರೊಟ್ಟಿ ಮೆತ್ತಗಾಗುತ್ತದೆ. ಅದಕ್ಕೆ ಬಿದಿರಿನ ಬುಟ್ಟಿಯೇ ಸರಿ.

ದುಂಡು ತಳದ ಗಡಿಗೆಗೆ ನೇಯ್ಗೆಯೂ ಬೇಡ. ಮೂರು ದಪ್ಪ ಪಟ್ಟಿಗಳನ್ನು ಜಡೆ ಹೆಣೆದು, ಉಂಗುರದಂತೆ ಎರಡು ಸುತ್ತು ಸುತ್ತಿ ಹೊಲಿದರೆ ಸಿಂಬಿ ಸಿದ್ಧ.

ಬಳಸುವಾಗ

ಜೋಳದ ರೊಟ್ಟಿ ಮಾಡುವ ಮನೆಯಲ್ಲಿ ಹಿಡಿಬಟ್ಟೆಗೆ ಒಂದು ವಿಶೇಷ ಅಪಾಯವಿದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಒದ್ದೆ ಅರಿವೆ ಕೈಗೆಟುಕುವಲ್ಲಿಯೇ ಇರುತ್ತದೆ, ಅದರ ಪಕ್ಕದಲ್ಲಿಟ್ಟ ಹಿಡಿಬಟ್ಟೆ ತಿಳಿಯದೆಯೇ ನೆನೆಯುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಬಿಸಿಯನ್ನು ದಾಟಿಸುತ್ತದೆ. ನೆನೆದ ಬಟ್ಟೆಯಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಿರುತ್ತದೆ, ಕಾದ ಹಂಚು ತಾಗಿದ ಕ್ಷಣದಲ್ಲಿ ಅದು ಹಬೆಯಾಗಿ ಬೆರಳನ್ನು ಸುಡುತ್ತದೆ. ಎಷ್ಟೇ ದಪ್ಪವಾಗಿ ನೇಯ್ದಿದ್ದರೂ ಒದ್ದೆಯಾದ ಹಿಡಿಬಟ್ಟೆ ಪ್ರಯೋಜನವಿಲ್ಲ. ಎರಡಕ್ಕೂ ಎದ್ದು ಕಾಣುವಂಥ ಬೇರೆ ಬಣ್ಣವಿರಲಿ. ಒದ್ದೆ ಅರಿವೆ ಬಲಕ್ಕಾದರೆ ಹಿಡಿಬಟ್ಟೆ ಎಡಗಡೆಯ ಗೋಡೆಯ ಮೊಳೆಗೆ, ಉರಿಯಿಂದ ಒಂದು ಮೊಳವಾದರೂ ದೂರದಲ್ಲಿ ತೂಗಲಿ.

ವಾರಕ್ಕೊಮ್ಮೆ ಸಾಮಾನ್ಯ ಸೋಪಿನಿಂದ ಒಗೆದರೆ ಸಾಕು. ಬಟ್ಟೆಗೆ ಮೆದುತನ ಕೊಡುವ ಸುವಾಸನೆಯ ದ್ರವಗಳನ್ನು ಇದಕ್ಕೆ ಬಳಸಬಾರದು, ಅವು ಎಳೆಯ ಮೇಲೆ ಜಿಡ್ಡಿನ ಲೇಪವಾಗಿ ಉಳಿಯುತ್ತವೆ. ದಪ್ಪ ನೇಯ್ಗೆಯ ಒಳಪದರ ಬೇಗ ಒಣಗದು. ನಮ್ಮ ಬೇಸಿಗೆಯ ಬಿಸಿಲಿಗೆ ಅರ್ಧ ದಿನ ಸಾಕಾದರೂ ಮಳೆಗಾಲದಲ್ಲಿ ಎರಡು ದಿನ ಬೇಕಾಗಬಹುದು, ಆದುದರಿಂದ ಪ್ರತಿ ಒಲೆಗೆ ಎರಡು ಜೊತೆ ಇಟ್ಟುಕೊಳ್ಳುವುದು ಒಳಿತು. ಒಂದೇ ಜಾಗ ಮತ್ತೆ ಮತ್ತೆ ಕಂದಿ ಕಡುಕಂದು ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ನೂಲು ಉದುರುವಂತಾದಾಗ ಆ ಪದರದ ಟಾಕು ಬಿಚ್ಚಿ ಅದನ್ನು ಮಾತ್ರ ತೆಗೆದು, ಹೊಸದೊಂದನ್ನು ನೇಯ್ದು ಅದರ ಜಾಗದಲ್ಲಿ ಹೊಲಿಯಬಹುದು. ನಡುವಿನ ಮಡಿಕೆ ಮತ್ತು ಇನ್ನೊಂದು ಬದಿ ಸಾಮಾನ್ಯವಾಗಿ ಹಾಗೆಯೇ ಚೆನ್ನಾಗಿರುತ್ತವೆ.